ಮಿಲ್ಲರ್ ಪ್ರಯೋಗ ಆಯ್ತು, ಆಮೇಲೇನು? ಜೀವದ ಮೊದಲ ಅಣುಗಳ ಬಗ್ಗೆ ಗೊತ್ತಿರೋರು ಹೇಳಿ

ಬೆಳದಿಂಗಳು
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡ್ತೀನಿ. ಜೀವದ ಉಗಮ ಅಂತ ಬಂದ್ರೆ ಎಲ್ಲ ಪುಸ್ತಕದಲ್ಲೂ ಅದೇ ಕತೆ. ಸ್ಟ್ಯಾನ್ಲಿ ಮಿಲ್ಲರ್ ಗಾಜಿನ ಬುರುಡೆಗೆ ಮೀಥೇನ್, ಅಮೋನಿಯಾ, ಹೈಡ್ರೋಜನ್, ನೀರಾವಿ ತುಂಬಿಸಿ ವಿದ್ಯುತ್ ಕಿಡಿ ಹಾರಿಸಿದ, ವಾರದೊಳಗೆ ಪ್ರೋಟೀನ್ ಕಟ್ಟೋಕೆ ಬೇಕಾದ ಅಮೈನೋ ಆಮ್ಲ ಬಂತು, 1953ರಲ್ಲಿ ಪೇಪರ್ ಪ್ರಕಟ ಆಯ್ತು, ಅಲ್ಲಿಗೆ ಪಾಠ ಮುಗೀತು. ಮುಂದಿನ ಪುಟದಲ್ಲಿ ಸೀದಾ ಬ್ಯಾಕ್ಟೀರಿಯಾ ಬಂದುಬಿಡುತ್ತೆ. ನಡುವೆ ಏನಾಯ್ತು ಅಂತ ಯಾರೂ ಹೇಳಲ್ಲ.

ಮೊನ್ನೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದ್ಲು, "ಮಿಸ್, ಆ ಕಾಲದ ಗಾಳಿಯಲ್ಲಿ ಮೀಥೇನ್, ಅಮೋನಿಯಾ ಅಷ್ಟೊಂದು ಇರಲೇ ಇಲ್ವಂತೆ, ಹಾಗಾದ್ರೆ ಆ ಪ್ರಯೋಗ ಸುಳ್ಳಾ?" ಅಂತ. ಅವಳಿಗೆ ಸರಿಯಾದ ಉತ್ತರ ಕೊಡಬೇಕು ನಾನು. ಜೊತೆಗೆ ಆರ್‌ಎನ್‌ಎ (ಡಿಎನ್‌ಎ ಥರ ಮಾಹಿತಿ ಹೊರೋ ಅಣು), ಸಕ್ಕರೆ, ಕೊಬ್ಬು ಇವೆಲ್ಲ ಎಲ್ಲಿಂದ ಬಂದ್ವು ಅನ್ನೋದೂ ಬೇಕು. ದಯವಿಟ್ಟು ಬಿಡಿಸಿ ಬರೀರಿ, ಓದೋಕೆ ನಂಗೆ ಟೈಮ್ ಇದೆ.

ಓದುಗ07
ಒಳ್ಳೆ ಪ್ರಶ್ನೆ ಮೇಡಂ. ನಾನೂ ಕಾಯ್ತಾ ಇದೀನಿ.

ಬೀಕರ್
ಸುಳ್ಳಲ್ಲ ಮೇಡಂ. ಆ ಹುಡುಗಿ ಕೇಳಿದ್ರಲ್ಲೂ ಅರ್ಧ ನಿಜ ಇದೆ. ಮಿಲ್ಲರ್‌ಗೆ ಆ ಅನಿಲಗಳನ್ನ ಸೂಚಿಸಿದ್ದು ಅವನ ಗುರು ಹೆರಾಲ್ಡ್ ಯೂರಿ, ಷಿಕಾಗೋ ವಿಶ್ವವಿದ್ಯಾಲಯದಲ್ಲಿ. ಆಗ ಆದಿ ಭೂಮಿ ಸುತ್ತ ಹೈಡ್ರೋಜನ್ ಜಾಸ್ತಿ ಇರೋ ಗಾಳಿ ಇತ್ತು ಅಂತ ನಂಬಿದ್ರು. ಆಮೇಲೆ ಜ್ವಾಲಾಮುಖಿ ಅನಿಲಗಳ ಲೆಕ್ಕ ಹಾಕಿದಾಗ ಕಾರ್ಬನ್ ಡೈ ಆಕ್ಸೈಡ್, ನೈಟ್ರೋಜನ್ನೇ ಹೆಚ್ಚು ಇತ್ತು ಅನ್ನೋ ಅಭಿಪ್ರಾಯ ಬಂತು. ಆ ಮಿಶ್ರಣಕ್ಕೆ ಕಿಡಿ ಕೊಟ್ರೆ ಅಮೈನೋ ಆಮ್ಲ ತುಂಬಾ ಕಮ್ಮಿ ಸಿಗುತ್ತೆ, ಹಾಗಾಗಿ ಮಿಲ್ಲರ್ ಕತೆ ಮುಗೀತು ಅಂದ್ರು ಕೆಲವರು.

ಆದ್ರೆ 2008ರಲ್ಲಿ ಮಿಲ್ಲರ್‌ನ ಹಳೇ ಸಹೋದ್ಯೋಗಿಗಳು ಅದನ್ನೇ ಮತ್ತೆ ಮಾಡಿ ನೋಡಿದಾಗ ಕಾರಣ ಗೊತ್ತಾಯ್ತು. ಕಾರ್ಬನ್ ಡೈ ಆಕ್ಸೈಡ್, ನೈಟ್ರೋಜನ್ ಇರೋ ಗಾಳಿಗೆ ಕಿಡಿ ಕೊಟ್ಟಾಗ ನೈಟ್ರೈಟ್ ಹುಟ್ಟುತ್ತೆ, ನೀರು ಆಮ್ಲೀಯ ಆಗುತ್ತೆ, ಹುಟ್ಟಿದ ಅಮೈನೋ ಆಮ್ಲವನ್ನ ಆ ನೈಟ್ರೈಟೇ ಕೆಡಿಸಿಬಿಡುತ್ತೆ. ನೀರಿನ ಆಮ್ಲೀಯತೆ ಏರದ ಹಾಗೆ ನೋಡ್ಕೊಂಡು, ಉತ್ಕರ್ಷಣೆ ತಡೆಯೋ ವಸ್ತು ಹಾಕಿದ್ರೆ ಇಳುವರಿ ಗಣನೀಯವಾಗಿ ಮೇಲೆ ಬರುತ್ತೆ. ಆದಿ ಸಮುದ್ರದಲ್ಲಿ ಕರಗಿದ ಕಬ್ಬಿಣ ಬೇಕಾದಷ್ಟಿತ್ತು, ಆ ಕೆಲಸ ಅದು ಮಾಡಿರಬಹುದು.

ಇನ್ನೊಂದು ಮಾತು. ಕಿಡಿ ನೇರವಾಗಿ ಅಮೈನೋ ಆಮ್ಲ ಮಾಡಲ್ಲ, ಪುಸ್ತಕದಲ್ಲಿ ಹಾಗೆ ಅನ್ನಿಸುತ್ತೆ ಅಷ್ಟೇ. ಕಿಡಿ ಅನಿಲಗಳನ್ನ ಒಡೆದು ಹೈಡ್ರೋಜನ್ ಸಯನೈಡ್ ಮತ್ತೆ ಆಲ್ಡಿಹೈಡ್ ಮಾಡುತ್ತೆ. ಅವೆರಡೂ ನೀರಿಗಿಳಿದು ಅಮೋನಿಯಾ ಜೊತೆ ಸೇರಿ ಮೊದಲು ಅಮೈನೋ ನೈಟ್ರೈಲ್ ಆಗುತ್ತೆ, ಅದು ನೀರಿನ ಜೊತೆ ನಿಧಾನಕ್ಕೆ ವರ್ತಿಸಿ ಅಮೈನೋ ಆಮ್ಲ ಆಗುತ್ತೆ. 1850ರಲ್ಲೇ ಸ್ಟ್ರೆಕರ್ ಕಂಡುಹಿಡಿದಿದ್ದ ಕ್ರಿಯೆ ಇದು. ಮಿಲ್ಲರ್ ಬರೆದಿರೋ ಪ್ರಕಾರ ಮೊದಲ ದಿನ ಕಳೆದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ವಾರ ಮುಗಿಯೋ ಹೊತ್ತಿಗೆ ಕಡುಗೆಂಪಾಗಿ ಕದಡಿಹೋಗಿತ್ತು. ಆ ಕಡುಗೆಂಪು ಬಗ್ಗೆ ಆಮೇಲೆ ಬರೀತೀನಿ, ಈ ವಿಷಯದ ನಿಜವಾದ ತಲೆನೋವು ಇರೋದೇ ಅಲ್ಲಿ.

ಕಗ್ಗಲ್ಲು
ಭೂವಿಜ್ಞಾನದ ಕಡೆಯಿಂದ ಒಂದಿಷ್ಟು ಸೇರಿಸ್ತೀನಿ. "ಆ ಕಾಲದ ಗಾಳಿ" ಅಂತ ಒಂದೇ ಮಾತಲ್ಲಿ ಹೇಳೋದೇ ತಪ್ಪು. ಭೂಮಿಗೆ 454 ಕೋಟಿ ವರ್ಷ. ಆಸ್ಟ್ರೇಲಿಯಾದಲ್ಲಿ ಸಿಕ್ಕ ಜಿರ್ಕಾನ್ ಹರಳುಗಳನ್ನ ನೋಡಿದ್ರೆ ಸುಮಾರು 440 ಕೋಟಿ ವರ್ಷದ ಹಿಂದೆನೇ ನೀರು ಇದ್ದಿರಬಹುದು ಅನ್ನಿಸುತ್ತೆ. ಬಹುಪಾಲು ಜನ ಒಪ್ಪೋ ಜೀವದ ಗುರುತು, ಸ್ಟ್ರೊಮ್ಯಾಟೊಲೈಟ್ ಅಂದ್ರೆ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಕಲ್ಲು, 348 ಕೋಟಿ ವರ್ಷ ಹಳೇದು. ಇವೆರಡರ ನಡುವೆ 90 ಕೋಟಿ ವರ್ಷ ಇದೆ ರೀ! ಅಷ್ಟು ಕಾಲ ಗಾಳಿ ಒಂದೇ ಥರ ಇರುತ್ತಾ?

ದೊಡ್ಡ ಕ್ಷುದ್ರಗ್ರಹ ಬಂದು ಬಡಿದ್ರೆ ಅದರ ಕಬ್ಬಿಣ ಬಿಸಿ ನೀರಾವಿ ಜೊತೆ ವರ್ತಿಸಿ ರಾಶಿ ರಾಶಿ ಹೈಡ್ರೋಜನ್ ಬಿಡುತ್ತೆ. ಆಗ ಸ್ವಲ್ಪ ಕಾಲ, ಸ್ವಲ್ಪ ಅಂದ್ರೆ ಲಕ್ಷಾಂತರ ವರ್ಷ, ಮೀಥೇನ್ ಜಾಸ್ತಿ ಇರೋ ಗಾಳಿ ಇರಬಹುದು. ಜ್ವಾಲಾಮುಖಿ ಬಾಯಲ್ಲಂತೂ ಮಿಂಚು, ಬಿಸಿ ಅನಿಲ, ಆವಿ ಎಲ್ಲ ಒಂದೇ ಕಡೆ. ಮಿಲ್ಲರ್ ಇದಕ್ಕೇ ಅಂತ ಆವಿಯನ್ನ ಕಿಡಿಯೊಳಗೆ ರಭಸವಾಗಿ ನುಗ್ಗಿಸೋ ಬೇರೆ ಉಪಕರಣ ಕೂಡ ಮಾಡಿದ್ದ. ಅದರಲ್ಲಿ ಬಂದ ಒಣಗಿದ ಸ್ಯಾಂಪಲ್‌ಗಳು ಸಣ್ಣ ಸೀಸೆಗಳಲ್ಲಿ, ರಟ್ಟಿನ ಡಬ್ಬದಲ್ಲಿ ಹಾಗೇ ಉಳಿದಿದ್ವು. 2007ರಲ್ಲಿ ಮಿಲ್ಲರ್ ತೀರಿಕೊಂಡ ಮೇಲೆ ಅವನ ಶಿಷ್ಯ ಜೆಫ್ರಿ ಬಾಡಾ ತಂಡದವರು ಈಗಿನ ಯಂತ್ರದಲ್ಲಿ ಅದನ್ನ ಪರೀಕ್ಷೆ ಮಾಡಿದ್ರು. 22 ಅಮೈನೋ ಆಮ್ಲ ಸಿಕ್ತು. ಮಿಲ್ಲರ್‌ಗೆ ಕಾಗದದ ಮೇಲೆ ಕಲೆ ನೋಡಿ ಗುರುತಿಸೋಕೆ ಆಗಿದ್ದು ಬೆರಳೆಣಿಕೆಯಷ್ಟು ಮಾತ್ರ.

ಸಂಶಯಿ
ಎಲ್ಲ ಸರಿ, ಆದ್ರೆ ಅಮೈನೋ ಆಮ್ಲ ಬಂದ ಮಾತ್ರಕ್ಕೆ ಜೀವ ಬರುತ್ತಾ? 100 ಅಮೈನೋ ಆಮ್ಲದ ಒಂದು ಸಣ್ಣ ಪ್ರೋಟೀನ್ ತಗೊಳ್ಳಿ. 20 ಬಗೆಯಲ್ಲಿ ಒಂದೊಂದು ಜಾಗಕ್ಕೆ ಸರಿಯಾದದ್ದೇ ಕೂರಬೇಕು ಅಂದ್ರೆ 1ರ ಮುಂದೆ 130 ಸೊನ್ನೆ ಹಾಕಿದಷ್ಟು ಸಾಧ್ಯತೆಗಳಲ್ಲಿ ಒಂದು. ವಿಶ್ವದ ಆಯುಸ್ಸೂ ಸಾಲಲ್ಲ. ಖಗೋಳ ವಿಜ್ಞಾನಿ ಫ್ರೆಡ್ ಹೋಯ್ಲ್ ಹೇಳಿದ್ನಲ್ಲ, ಗುಜರಿ ಅಂಗಳದಲ್ಲಿ ಸುಂಟರಗಾಳಿ ಎದ್ದು ವಿಮಾನ ಜೋಡಿಸಿದ ಹಾಗೆ ಅಂತ. ಇದಕ್ಕೆ ಉತ್ತರ ಹೇಳಿ.

ಸಣ್ಣಕೋಶ
ಈ ಲೆಕ್ಕ ಎಲ್ಲ ಕಡೆ ಓಡಾಡ್ತಾ ಇರುತ್ತೆ ಅಣ್ಣ. ಲೆಕ್ಕ ಸರಿ ಇದೆ, ಪ್ರಶ್ನೆನೇ ಸರಿ ಇಲ್ಲ. 100 ಅಮೈನೋ ಆಮ್ಲದ ಪ್ರೋಟೀನ್ ಒಂದೇ ಸಲಕ್ಕೆ ಆಕಸ್ಮಿಕವಾಗಿ ಜೋಡಣೆ ಆಯ್ತು ಅಂತ ಈ ಕ್ಷೇತ್ರದಲ್ಲಿ ಕೆಲಸ ಮಾಡೋರು ಯಾರೂ ಹೇಳ್ತಿಲ್ಲ. ಇವತ್ತಿನ ಪ್ರೋಟೀನು ಕೋಟ್ಯಂತರ ವರ್ಷದ ವಿಕಾಸದ ಫಲ. ಮೊದಲ ದಿನ ಅದೇ ಇರಬೇಕು ಅಂತ ಯಾಕೆ ಹಿಡ್ಕೊಂಡಿದ್ದೀರ?

ಬೀಕರ್
ಅದಕ್ಕೂ ಮುಂಚಿನ ಮಾತು ಹೇಳ್ತೀನಿ ಕೇಳಿ ಸಂಶಯಿ. ರಸಾಯನದಲ್ಲಿ ಎಲ್ಲ ಸಾಧ್ಯತೆಗೂ ಸಮಪಾಲು ಇರಲ್ಲ. ಕಿಡಿ ಪ್ರಯೋಗ ಮಾಡಿದಾಗೆಲ್ಲ ಗ್ಲೈಸೀನ್, ಅಲನೀನ್ ಜಾಸ್ತಿ, ದೊಡ್ಡ ಅಣುಗಳು ಕಮ್ಮಿ. ಉಲ್ಕಾಶಿಲೆ ಒಡೆದು ನೋಡಿದ್ರೂ ಹೆಚ್ಚುಕಮ್ಮಿ ಅದೇ ಪಟ್ಟಿ. ಯಾವ ಬಂಧ ಸುಲಭಕ್ಕೆ ಬೀಳುತ್ತೆ, ಯಾವುದು ಒಡೆದುಹೋಗುತ್ತೆ ಅನ್ನೋದು ಅಣುವಿನ ರಚನೆಯಲ್ಲೇ ಇದೆ. ಹಾಗಾಗಿ ದಾಳ ಉರುಳಿಸೋ ಲೆಕ್ಕ ಇಲ್ಲಿ ನಡೆಯಲ್ಲ.

ಸಂಶಯಿ
ಒಪ್ಪಲ್ಲ. ಗ್ಲೈಸೀನ್ ಸುಲಭಕ್ಕೆ ಬರುತ್ತೆ ಅಂದ್ರೆ ಎಲ್ಲ ಗ್ಲೈಸೀನೇ ಆಗುತ್ತೆ. ಅದ್ರಿಂದ ಮಾಹಿತಿ ಹೇಗೆ ಹುಟ್ಟುತ್ತೆ?

ಸಣ್ಣಕೋಶ
ಅದು ಬೇರೆ ಪ್ರಶ್ನೆ, ಒಳ್ಳೆ ಪ್ರಶ್ನೆ. ತನ್ನ ನಕಲು ತಾನೇ ಮಾಡೋ ಅಣು ಬಂದ ಮೇಲೆ ನೈಸರ್ಗಿಕ ಆಯ್ಕೆ ಶುರು ಆಗುತ್ತೆ. ಅಲ್ಲಿವರೆಗೆ ತಲುಪೋದು ಹೇಗೆ ಅನ್ನೋದೇ ಈ ಥ್ರೆಡ್ ಅಲ್ವಾ.

ಧೂಮಕೇತು
ಉಲ್ಕಾಶಿಲೆ ಹೆಸರು ಬಂತಲ್ಲ, ನಾನು ಬರದೇ ಇರ್ತೀನಾ. 1969ರ ಸೆಪ್ಟೆಂಬರ್ 28ಕ್ಕೆ ಆಸ್ಟ್ರೇಲಿಯಾದ ಮರ್ಚಿಸನ್ ಹತ್ರ ಬಿದ್ದ ಕಲ್ಲು, ಒಟ್ಟು 100 ಕಿಲೋಗೂ ಜಾಸ್ತಿ ಆಯ್ದುಕೊಂಡ್ರು. ಅದರಲ್ಲಿ 70ಕ್ಕೂ ಹೆಚ್ಚು ಅಮೈನೋ ಆಮ್ಲ ಗುರುತಿಸಿದ್ದಾರೆ, ಬಹಳಷ್ಟು ನಮ್ಮ ಜೀವಿಗಳು ಬಳಸೋದೇ ಇಲ್ಲ. 2019ರಲ್ಲಿ ಅದೇ ಕಲ್ಲಲ್ಲಿ ರೈಬೋಸ್ ಸಕ್ಕರೆ ಕೂಡ ಸಿಕ್ತು, ಆರ್‌ಎನ್‌ಎಗೆ ಬೆನ್ನೆಲುಬಾಗೋ ಸಕ್ಕರೆ ಅದು!

ಅದಕ್ಕಿಂತ ದೊಡ್ಡ ಸುದ್ದಿ ಬೆನ್ನು ಅನ್ನೋ ಹೆಸರಿನ ಕ್ಷುದ್ರಗ್ರಹದ್ದು. ನಾಸಾದ ಒಸಿರಿಸ್-ರೆಕ್ಸ್ ನೌಕೆ ಅಲ್ಲಿಂದ 2023ರ ಸೆಪ್ಟೆಂಬರಲ್ಲಿ 121.6 ಗ್ರಾಂ ಮಣ್ಣು ತಂತು. 2025ರ ಜನವರಿಯಲ್ಲಿ ಫಲಿತಾಂಶ ಬಂತು, ನಮ್ಮ ಪ್ರೋಟೀನ್‌ಗಳು ಬಳಸೋ 20ರಲ್ಲಿ 14 ಅಮೈನೋ ಆಮ್ಲ, ಡಿಎನ್‌ಎ ಆರ್‌ಎನ್‌ಎಗೆ ಬೇಕಾದ ಐದೂ ಬೇಸ್ (ಅವುಗಳ ಮಾಹಿತಿಯನ್ನ ಬರೆಯೋ ಅಣುಗಳು), ಜೊತೆಗೆ ಅಮೋನಿಯಾ, ಫಾರ್ಮಾಲ್ಡಿಹೈಡ್. ಉಪ್ಪುನೀರು ಆವಿಯಾಗಿ ಉಳಿದ ಲವಣಗಳೂ ಇದ್ವು. ಅಂದ್ರೆ ಬೆನ್ನು ಯಾವ ದೊಡ್ಡ ಕಾಯದಿಂದ ಒಡೆದು ಬಂತೋ ಅದರೊಳಗೆ ಉಪ್ಪುನೀರು ಇತ್ತು, ಇಂಗಿತು, ಒಣಗಿತು. ಭೂಮಿಯಲ್ಲೇ ಎಲ್ಲ ತಯಾರಾಗಬೇಕು ಅಂತೇನೂ ಇಲ್ಲ, ಆಕಾಶದಿಂದ ಬಿದ್ದಿರಬಹುದು.

ಸಂಶಯಿ
ನೆಲದ ಮೇಲೆ ಬಿದ್ದ ಕಲ್ಲಿಗೆ ನಮ್ಮ ಮಣ್ಣಿನ ಬ್ಯಾಕ್ಟೀರಿಯಾ ಹತ್ತಿರಲ್ವಾ?

ಧೂಮಕೇತು
ಮರ್ಚಿಸನ್ ವಿಷಯದಲ್ಲಿ ಆ ಅನುಮಾನ ಮೊದಲಿಂದ ಇತ್ತು. ಕಾರ್ಬನ್ ಐಸೋಟೋಪ್ ಅನುಪಾತ, ಅಂದ್ರೆ ಭಾರದ ಕಾರ್ಬನ್ ಎಷ್ಟು, ಹಗುರದ್ದು ಎಷ್ಟು ಅಂತ ನೋಡಿದ್ರೆ ಭೂಮಿಯದ್ದಲ್ಲ ಅಂತ ಗೊತ್ತಾಗುತ್ತೆ. ಬೆನ್ನು ಸ್ಯಾಂಪಲ್ಲಂತೂ ಮುಚ್ಚಿದ ಡಬ್ಬಿಯಲ್ಲಿ ಬಂದು ನೈಟ್ರೋಜನ್ ತುಂಬಿದ ಪೆಟ್ಟಿಗೆಯೊಳಗೆ ಬಿಚ್ಚಿದ್ದು.

ಓದುಗ07
121 ಗ್ರಾಂ ಮಣ್ಣಿಂದ ಇಷ್ಟೆಲ್ಲಾನಾ!

ಬೀಕರ್
ಧೂಮಕೇತು ಹೇಳಿದ್ದೆಲ್ಲ ನಿಜ, ಆದ್ರೆ ಅದು ಕಷ್ಟದ ಪ್ರಶ್ನೆಗೆ ಉತ್ತರ ಆಗಲ್ಲ. ಬಿಡಿ ಅಣುಗಳು ಹುಟ್ಟೋದು ಕಷ್ಟ ಅಲ್ಲ ಅನ್ನೋದು ಈಗ ಎಲ್ಲ ಕಡೆಯಿಂದಲೂ ಸಾಬೀತಾಗಿದೆ, ಕಿಡಿಯಲ್ಲೂ ಹುಟ್ಟುತ್ತೆ, ಕಲ್ಲಲ್ಲೂ ಹುಟ್ಟುತ್ತೆ. ಕಷ್ಟ ಏನಪ್ಪಾ ಅಂದ್ರೆ ಬೇಕಾದ್ದು ಬೇಡದ್ದು ಎಲ್ಲ ಒಟ್ಟಿಗೆ ಹುಟ್ಟುತ್ತೆ. ಮಿಲ್ಲರ್ ಬುರುಡೆಯಲ್ಲಿ ಕಾರ್ಬನ್ನಿನ ದೊಡ್ಡ ಪಾಲು ಹೋಗಿದ್ದು ಅಮೈನೋ ಆಮ್ಲಕ್ಕಲ್ಲ, ಕಂದು ಟಾರಿಗೆ. ಕಡುಗೆಂಪು ಬಗ್ಗೆ ಆಮೇಲೆ ಬರೀತೀನಿ ಅಂದಿದ್ದು ಇದಕ್ಕೇ. ಮರ್ಚಿಸನ್ ಕಲ್ಲಲ್ಲೂ ಬಹುಪಾಲು ಕಾರ್ಬನ್ ಕರಗದ ಕಪ್ಪು ಮುದ್ದೆ.

ಎಂಎಸ್ಸಿಯಲ್ಲಿ ನಾನೇ ಮಾಡಿ ನೋಡಿದ್ದು ಫಾರ್ಮೋಸ್ ಕ್ರಿಯೆ, ಅಂದ್ರೆ ಫಾರ್ಮಾಲ್ಡಿಹೈಡ್‌ನಿಂದ ಸಕ್ಕರೆ ಮಾಡೋದು. 1861ರಲ್ಲಿ ಬಟ್ಲೆರೋವ್ ಕಂಡುಹಿಡಿದಿದ್ದು. ಫಾರ್ಮಾಲ್ಡಿಹೈಡ್ ದ್ರಾವಣಕ್ಕೆ ಸುಣ್ಣ ಹಾಕಿ ಬೆಚ್ಚಗೆ ಇಡಬೇಕು. ಮೊದಲು ಏನೂ ಆಗಲ್ಲ, ಬೆಳ್ಳಗೆ ಕದಡಿಕೊಂಡು ಸುಮ್ನೆ ಇರುತ್ತೆ, ಕೆಟ್ಟುಹೋಯ್ತೇನೋ ಅನ್ಸುತ್ತೆ. ಆಮೇಲೆ ಇದ್ದಕ್ಕಿದ್ದ ಹಾಗೆ ಹಳದಿ ಬಣ್ಣ ಬರುತ್ತೆ, ಅದು ನೋಡನೋಡ್ತಾ ಕಂದಾಗಿ ಸುಟ್ಟ ಸಕ್ಕರೆ ವಾಸನೆ ಹೊಡೆಯುತ್ತೆ. ಒಂದು ಚೂರು ಗ್ಲೈಕಾಲ್ಡಿಹೈಡ್ (ತೀರಾ ಸಣ್ಣ ಸಕ್ಕರೆ ಥರದ ಅಣು) ಮೊದಲೇ ಹಾಕಿದ್ರೆ ಆ ಕಾಯೋ ಹೊತ್ತೇ ಇರಲ್ಲ, ಯಾಕಂದ್ರೆ ಕ್ರಿಯೆ ತನ್ನ ಉತ್ಪನ್ನದಿಂದಲೇ ವೇಗ ಪಡೆಯುತ್ತೆ. ಹಳದಿ ಕಂಡ ತಕ್ಷಣ ನಿಲ್ಲಿಸಿ ಪರೀಕ್ಷಿಸಿದ್ರೆ ಹತ್ತಾರು ಬಗೆ ಸಕ್ಕರೆ, ರೈಬೋಸ್ ಅದರಲ್ಲಿ ಸಣ್ಣ ಪಾಲು. ನಿಲ್ಲಿಸದೇ ಬಿಟ್ರೆ ಎಲ್ಲ ಟಾರ್.

ರೈಬೋಸ್ ಉಳಿಯೋದೂ ಇಲ್ಲ. 1995ರಲ್ಲಿ ಅಳೆದ ಪ್ರಕಾರ, ಆ ಪೇಪರ್‌ನಲ್ಲಿ ಮಿಲ್ಲರ್ ಹೆಸರೂ ಇದೆ, 100 ಡಿಗ್ರಿಯಲ್ಲಿ ಪಿಎಚ್ 7ರ ನೀರಲ್ಲಿ ರೈಬೋಸ್‌ನ ಅರ್ಧಾಯುಷ್ಯ, ಅಂದ್ರೆ ಅರ್ಧ ಕೆಟ್ಟುಹೋಗೋಕೆ ಹಿಡಿಯೋ ಕಾಲ, 73 ನಿಮಿಷ. 0 ಡಿಗ್ರಿಯಲ್ಲಿ 44 ವರ್ಷ. ಭೂಮಿ ಲೆಕ್ಕದಲ್ಲಿ 44 ವರ್ಷ ಏನೇನೂ ಅಲ್ಲ. ಆದ್ರಿಂದ ಪ್ರಶ್ನೆ "ಹೇಗೆ ಹುಟ್ಟಿತು" ಅನ್ನೋದಕ್ಕಿಂತ "ಹುಟ್ಟಿದ ಸಾವಿರ ಬಗೆಯಲ್ಲಿ ಇದೊಂದೇ ಹೇಗೆ ಉಳೀತು" ಅನ್ನೋದು.

ಕಗ್ಗಲ್ಲು
ಇದಕ್ಕೆ ಕಲ್ಲುಗಳ ಹತ್ರ ಉತ್ತರ ಇದೆ ಬೀಕರ್, ನೀವು ಸುಣ್ಣ ಮಾತ್ರ ಹಾಕಿದ್ರಿ. 2004ರಲ್ಲಿ ಸ್ಟೀವನ್ ಬೆನ್ನರ್ ತಂಡ ಬೋರೇಟ್ ಖನಿಜ ಸೇರಿಸಿ ಸಕ್ಕರೆ ಮಾಡಿ ನೋಡಿದ್ರು. ಬೋರೇಟ್ ಹೋಗಿ ರೈಬೋಸ್ ಥರದ ಸಕ್ಕರೆಗಳನ್ನ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ, ಮುಂದಿನ ಕ್ರಿಯೆಗೆ ಬಿಡಲ್ಲ, ದ್ರಾವಣ ಕಂದಾಗೋದೇ ಇಲ್ಲ. ನೀರು ಇಂಗೋ ಕೊಳಗಳಲ್ಲಿ ಬೋರೇಟ್ ಶೇಖರಣೆ ಆಗುತ್ತೆ. ನಿಸರ್ಗದಲ್ಲಿ ಶುದ್ಧ ನೀರು ಮಾತ್ರ ಅಂತ ಎಲ್ಲೂ ಇರಲ್ಲ ಸ್ವಾಮಿ, ತಳದಲ್ಲಿ ಯಾವ ಕಲ್ಲಿದೆ ಅನ್ನೋದು ಯಾವಾಗಲೂ ಲೆಕ್ಕಕ್ಕೆ ಬರುತ್ತೆ. ಮಿಲ್ಲರ್ ಪ್ರಯೋಗದಲ್ಲೂ ಅಷ್ಟೇ, 2021ರಲ್ಲಿ ಟೆಫ್ಲಾನ್ ಪಾತ್ರೆಯಲ್ಲಿ ಮಾಡಿ ನೋಡಿದಾಗ ಉತ್ಪನ್ನಗಳ ಬಗೆ ಕಮ್ಮಿ ಆಯ್ತು, ಗಾಜಿನ ಚೂರು ಹಾಕಿದ್ರೆ ಹೆಚ್ಚಾಯ್ತು. ಗಾಜಿನ ಸಿಲಿಕಾನೇ ಕೈ ಜೋಡಿಸ್ತಾ ಇತ್ತು!

ಬೆಳದಿಂಗಳು
ಅಬ್ಬಾ, ಇದು ನಂಗೆ ಹೊಸದು. ಸಕ್ಕರೆ ಗೊತ್ತಾಯ್ತು. ಬೇಸ್‌ಗಳು? ಅಡಿನೀನ್ ಇತ್ಯಾದಿ?

ಬೀಕರ್
ಅಡಿನೀನ್ ಸೂತ್ರ ನೋಡಿ ಮೇಡಂ, 5 ಕಾರ್ಬನ್, 5 ಹೈಡ್ರೋಜನ್, 5 ನೈಟ್ರೋಜನ್. ಹೈಡ್ರೋಜನ್ ಸಯನೈಡ್‌ನಲ್ಲಿ ಒಂದೊಂದು. ಐದು ಸಯನೈಡ್ ಸೇರಿದ್ರೆ ಒಂದು ಅಡಿನೀನ್, ಮಕ್ಕಳಿಗೆ ಬೋರ್ಡ್ ಮೇಲೆ ಬರೆದು ತೋರಿಸಿ. 1960ರಲ್ಲಿ ಹುವಾನ್ ಓರೋ ಅಮೋನಿಯಂ ಸಯನೈಡ್ ದ್ರಾವಣವನ್ನ ಬಿಸಿ ಮಾಡಿದಾಗ ಅಡಿನೀನ್ ಸಿಕ್ತು. ಇವತ್ತು ನಮ್ಮನ್ನ ಕೊಲ್ಲೋ ವಿಷ, ಆವತ್ತು ಮುಖ್ಯ ಕಚ್ಚಾವಸ್ತು. ಆಕ್ಸಿಜನ್ ಬಳಸೋ ಉಸಿರಾಟ ಇದ್ರೆ ತಾನೇ ಸಯನೈಡ್ ಅದನ್ನ ತಡೆಯೋದು, ಆಗ ಅದು ಇರಲೇ ಇಲ್ಲ.

ಒಂದು ತೊಡಕಿದೆ. ಸಯನೈಡ್ ತೆಳುವಾಗಿದ್ರೆ ನೀರಿನ ಜೊತೆ ವರ್ತಿಸಿ ಫಾರ್ಮಿಕ್ ಆಮ್ಲದ ಕಡೆ ಹೋಗುತ್ತೆ, ದಟ್ಟವಾಗಿದ್ರೆ ಮಾತ್ರ ಒಂದಕ್ಕೊಂದು ಸೇರುತ್ತೆ. ಸಮುದ್ರದಲ್ಲಿ ದಟ್ಟ ಆಗೋದು ಹೇಗೆ? ಒಂದು ದಾರಿ ಹಿಮ. ನೀರು ಗಟ್ಟಿ ಆಗ್ತಾ ಹೋದ ಹಾಗೆ ಸಯನೈಡ್ ಉಳಿದ ದ್ರವದಲ್ಲಿ ಒತ್ತೊತ್ತಾಗಿ ಸೇರುತ್ತೆ. ಮಿಲ್ಲರ್ ಅಮೋನಿಯಂ ಸಯನೈಡ್ ದ್ರಾವಣವನ್ನ ಮೈನಸ್ 20 ಮತ್ತು ಮೈನಸ್ 78 ಡಿಗ್ರಿಯಲ್ಲಿ 25 ವರ್ಷ ಹಾಗೇ ಇಟ್ಟು ಆಮೇಲೆ ತೆಗೆಸಿ ನೋಡಿದ, ಅಡಿನೀನ್ ಇತ್ತು, ಅಮೈನೋ ಆಮ್ಲನೂ ಇತ್ತು. 25 ವರ್ಷ ಒಂದು ಪ್ರಯೋಗಕ್ಕೆ ಕಾಯೋ ತಾಳ್ಮೆ ನೋಡಿ! ನಂಗೆ ಈ ಮನುಷ್ಯನ ಮೇಲೆ ಅಪಾರ ಗೌರವ.

ಮಿಂಚು
ಒಂದು ಡೌಟ್. ಇಷ್ಟು ಸುಲಭ ಆದ್ರೆ ಈಗ ಯಾಕೆ ಹೊಸ ಜೀವ ಹುಟ್ತಾ ಇಲ್ಲ?

ಸಣ್ಣಕೋಶ
ಡಾರ್ವಿನ್ 1871ರಲ್ಲಿ ಗೆಳೆಯ ಹೂಕರ್‌ಗೆ ಬರೆದ ಪತ್ರದಲ್ಲೇ ಇದಕ್ಕೆ ಉತ್ತರ ಇದೆ. ಬೆಚ್ಚಗಿನ ಸಣ್ಣ ಕೊಳದಲ್ಲಿ ಅಂಥ ವಸ್ತು ಇವತ್ತು ಹುಟ್ಟಿದ್ರೆ ಈಗಿರೋ ಜೀವಿಗಳು ಅದನ್ನ ತಕ್ಷಣ ತಿಂದು ಮುಗಿಸ್ತಾವೆ ಅಂತ. ಜೊತೆಗೆ ಈಗ ಗಾಳಿಯಲ್ಲಿ ಆಕ್ಸಿಜನ್ ಇದೆ, ಅದು ಈ ಅಣುಗಳನ್ನ ಸುಟ್ಟುಹಾಕುತ್ತೆ. ಗಾಳಿಯಲ್ಲಿ ಆಕ್ಸಿಜನ್ ಶೇಖರಣೆ ಶುರುವಾಗಿದ್ದೇ ಸುಮಾರು 240 ಕೋಟಿ ವರ್ಷದ ಹಿಂದೆ.

ಧೂಮಕೇತು
ಇಲ್ಲಿ ಹುಟ್ಟಲ್ಲ, ಆದ್ರೆ ಶನಿಯ ಚಂದ್ರ ಟೈಟನ್ ನೋಡಿ. ಗಾಳಿ ತುಂಬಾ ನೈಟ್ರೋಜನ್, ಮೀಥೇನ್, ಸೂರ್ಯನ ಬೆಳಕಿಗೆ ಅದರಿಂದ ಕಿತ್ತಳೆ ಮಂಜು ಆಗಿ ನೆಲಕ್ಕೆ ಬೀಳ್ತಾ ಇರುತ್ತೆ. ಅಲ್ಲಿಗೆ ಡ್ರಾಗನ್‌ಫ್ಲೈ ನೌಕೆಯನ್ನ 2028ರಲ್ಲಿ ಬಿಡೋ ಯೋಜನೆ ಇದೆ, ಮುಟ್ಟೋದು 2034. ಶನಿಯ ಇನ್ನೊಂದು ಚಂದ್ರ ಎನ್ಸೆಲಡಸ್‌ನಿಂದ ಚಿಮ್ಮೋ ಹಿಮದ ಕಣದಲ್ಲಿ ಫಾಸ್ಫೇಟ್ (ರಂಜಕದ ಲವಣ) ಸಿಕ್ಕಿದೆ ಅಂತ 2023ರಲ್ಲಿ ಬಂತು.

ಓದುಗ07
ಟೈಟನ್‌ಗೆ ಬೇರೆ ಥ್ರೆಡ್ ಮಾಡಿ ಗುರು, ಇಲ್ಲಿ ದಾರಿ ತಪ್ಪುತ್ತೆ.

ಸಣ್ಣಕೋಶ
ಇಲ್ಲ, ಹಿಮದ ಅಡಿಯಲ್ಲಿ ಸಮುದ್ರ ಇರೋ ಎನ್ಸೆಲಡಸ್ ಮಾತು ನನ್ನ ವಾದಕ್ಕೆ ಸರಿಯಾಗಿ ಬಂತು. ಬೀಕರ್ ಸರ್ ಸಯನೈಡ್, ಕಿಡಿ, ಹಿಮ ಅಂತ ಹೇಳ್ತಾ ಇದಾರೆ, ಆದ್ರೆ ಇವತ್ತಿನ ಜೀವಕೋಶ ಸಯನೈಡ್‌ನಿಂದ ಏನನ್ನೂ ಕಟ್ಟಲ್ವಲ್ಲ. ಜೀವ ಹುಟ್ಟಿದ ರೀತಿಯ ಗುರುತು ಜೀವಕೋಶದ ಚಯಾಪಚಯದಲ್ಲೇ ಉಳಿದಿರಬೇಕು. ಕೆಲವು ಪುರಾತನ ಸೂಕ್ಷ್ಮಜೀವಿಗಳು ಹೈಡ್ರೋಜನ್, ಕಾರ್ಬನ್ ಡೈ ಆಕ್ಸೈಡ್ ಎರಡರಿಂದಲೇ ಬದುಕ್ತಾವೆ, ಕಬ್ಬಿಣ, ನಿಕ್ಕೆಲ್, ಗಂಧಕ ಇರೋ ಕಿಣ್ವ ಬಳಸಿ ಅಸಿಟೇಟ್ ಮಾಡ್ತಾವೆ. ಅದೇ ಲೋಹಗಳು, ಅದೇ ಅನಿಲಗಳು ಸಮುದ್ರ ತಳದ ಬಿಸಿನೀರಿನ ಬುಗ್ಗೆಗಳಲ್ಲಿ ಇವೆ.

2000ದಲ್ಲಿ ಅಟ್ಲಾಂಟಿಕ್ ತಳದಲ್ಲಿ ಲಾಸ್ಟ್ ಸಿಟಿ ಅನ್ನೋ ಜಾಗ ಸಿಕ್ತು. ಬೆಳ್ಳನೆ ಕಾರ್ಬೋನೇಟ್ ಗೋಪುರಗಳು, 60 ಮೀಟರ್ ಎತ್ತರದವರೆಗೆ. ನೀರಿನ ಶಾಖ 40ರಿಂದ 90 ಡಿಗ್ರಿ, ಪಿಎಚ್ 9ರಿಂದ 11. ಆಲಿವೀನ್ ಕಲ್ಲು ನೀರಿನ ಜೊತೆ ವರ್ತಿಸಿ ಹೈಡ್ರೋಜನ್ ಬಿಡ್ತಾ ಇರುತ್ತೆ, ಜ್ವಾಲಾಮುಖಿನೇ ಬೇಡ. ಇಂಥ ಬುಗ್ಗೆ ಇರಬೇಕು ಅಂತ ಮೈಕೆಲ್ ರಸೆಲ್ ಅದು ಸಿಗೋಕೆ ಮುಂಚೆನೇ ಬರೆದಿದ್ದ! 2020ರಲ್ಲಿ ಲ್ಯಾಬಲ್ಲಿ ಮಾಡಿ ತೋರಿಸಿದ್ರು, ಹೈಡ್ರೋಜನ್, ಕಾರ್ಬನ್ ಡೈ ಆಕ್ಸೈಡ್, ನೀರು, ಜೊತೆಗೆ ಗ್ರೈಗೈಟ್, ಮ್ಯಾಗ್ನೆಟೈಟ್, ಅವರುಐಟ್ ಖನಿಜ, 100 ಡಿಗ್ರಿ, ರಾತ್ರಿ ಬೆಳಗಾಗೋದ್ರೊಳಗೆ ಫಾರ್ಮೇಟ್, ಅಸಿಟೇಟ್, ಪೈರುವೇಟ್ ಬಂತು. ಪೈರುವೇಟ್ ನಮ್ಮ ಮೈಯ ಪ್ರತಿ ಕೋಶದಲ್ಲೂ ಈ ಕ್ಷಣ ಓಡಾಡ್ತಾ ಇರೋ ಅಣು.

ಬೀಕರ್
ಪೈರುವೇಟ್ ಬಂತು, ಒಪ್ಪಿದೆ. ಅಲ್ಲಿಂದ ಆರ್‌ಎನ್‌ಎ ಅಕ್ಷರ, ಅಂದ್ರೆ ಸಕ್ಕರೆ, ಬೇಸ್, ಫಾಸ್ಫೇಟ್ ಸೇರಿದ ಒಂದು ತುಣುಕು, ಬಂದಿದ್ದು ತೋರಿಸಿ. 2009ರಲ್ಲಿ ಜಾನ್ ಸದರ್‌ಲ್ಯಾಂಡ್ ತಂಡ ಸಯನೈಡ್ ಕುಟುಂಬದ ಅಣುಗಳಿಂದ ನೇರ ಆರ್‌ಎನ್‌ಎ ಅಕ್ಷರಗಳನ್ನ ಮಾಡಿ ತೋರಿಸಿದ್ರು. ಅಲ್ಲಿವರೆಗೂ ಎಲ್ಲರೂ ಸಕ್ಕರೆ ಬೇರೆ ಮಾಡು, ಬೇಸ್ ಬೇರೆ ಮಾಡು, ಆಮೇಲೆ ಅಂಟಿಸು ಅಂತ ಹೋಗ್ತಾ ಇದ್ರು, ಸಿ ಮತ್ತು ಯು ಅಕ್ಷರಕ್ಕೆ ಅದು ಅಂಟೋದೇ ಇಲ್ಲ. ಸದರ್‌ಲ್ಯಾಂಡ್ ಮಾಡಿದ್ದೇನು ಅಂದ್ರೆ ಸಯನಮೈಡ್ ಮತ್ತು ಗ್ಲೈಕಾಲ್ಡಿಹೈಡ್ ಸೇರಿಸಿ 2-ಅಮೈನೋಆಕ್ಸಜೋಲ್ ಅನ್ನೋ ನಡುವಿನ ಅಣು. ಅದರಲ್ಲಿ ಸಕ್ಕರೆಯ ಅರ್ಧ, ಬೇಸ್‌ನ ಅರ್ಧ ಒಟ್ಟಿಗೇ ಇದೆ. ಫಾಸ್ಫೇಟ್ ಮೊದಲಿಂದಲೇ ದ್ರಾವಣದಲ್ಲಿದ್ದು ಪಿಎಚ್ ಕಾಯುತ್ತೆ, ಟಾರ್ ಆಗದ ಹಾಗೆ ನೋಡುತ್ತೆ. ಕೊನೆಗೆ ಅತಿನೇರಳೆ ಕಿರಣ ಬೇಡದ ಉಪ ಉತ್ಪನ್ನಗಳನ್ನ ಒಡೆದುಹಾಕುತ್ತೆ, ನಿಜವಾದ ಅಕ್ಷರ ಉಳಿಯುತ್ತೆ, ಸಿ ಇದ್ದದ್ದು ಸ್ವಲ್ಪ ಯು ಆಗುತ್ತೆ. ಓಜೋನ್ ಪದರ ಇಲ್ಲದ ಭೂಮಿಗೆ ಆ ಕಿರಣ ಧಾರಾಳವಾಗಿ ಬೀಳ್ತಾ ಇತ್ತು. ಸಮುದ್ರದ ತಳಕ್ಕೆ ಆ ಬೆಳಕು ಹೋಗಲ್ಲ ತಮ್ಮಾ.

ಸಣ್ಣಕೋಶ
ಆದ್ರೆ ಆ ಪ್ರಯೋಗದಲ್ಲಿ ಸರಿಯಾದ ಹೊತ್ತಿಗೆ ಸರಿಯಾದ ಸೀಸೆಯಿಂದ ಸುರಿದಿದ್ದು ಮನುಷ್ಯರೇ ಅಲ್ವಾ ಸರ್?

ಸಂಶಯಿ
ನಾನು ಹೇಳಬೇಕು ಅಂತಿದ್ದದ್ದು ಇದನ್ನೇ. ಒಂದೊಂದು ಹಂತಕ್ಕೂ ಬಾಟಲಿಯಿಂದ ಶುದ್ಧ ರಾಸಾಯನಿಕ ತಗೊಳ್ಳೋದು, ಹಂತ ಮುಗಿದ್ಮೇಲೆ ಶುದ್ಧ ಮಾಡಿ ಮುಂದಿನದಕ್ಕೆ ಹೋಗೋದು. ಆದಿ ಭೂಮಿಯಲ್ಲಿ ಯಾರು ಶುದ್ಧ ಮಾಡಿದ್ರು? ಮೊದಲ ದಿನದ ನನ್ನ ಲೆಕ್ಕ ಬಿಡಿ, ಇದಕ್ಕಾದ್ರೂ ಉತ್ತರ ಬೇಕು.

ಬೀಕರ್
ಇದು ಗಟ್ಟಿ ಆಕ್ಷೇಪಣೆ, ಕ್ಷೇತ್ರದೊಳಗಿನ ಜನರೇ ಕೇಳ್ತಾರೆ. ಪೂರ್ತಿ ಉತ್ತರ ಇನ್ನೂ ಇಲ್ಲ. ಆದ್ರೆ ನಿಸರ್ಗವೂ ಶುದ್ಧ ಮಾಡುತ್ತೆ. ಅಮೈನೋಆಕ್ಸಜೋಲ್ ಘನದಿಂದ ನೇರ ಆವಿಯಾಗಿ ಎದ್ದು ಬೇರೆ ಕಡೆ ತಣ್ಣಗಾಗಿ ಕೂರುತ್ತೆ, ಅಂದ್ರೆ ಕೊಳದ ಕೊಳೆಯಿಂದ ತಾನೇ ಬೇರೆ ಆಗುತ್ತೆ. ಮುಂದಿನ ಹಂತದಲ್ಲಿ ಬರೋ ರೈಬೋಸ್ ಅಮೈನೋಆಕ್ಸಜೋಲೀನ್ ನೀರಲ್ಲಿ ಹರಳು ಕಟ್ಟಿ ತಳಕ್ಕಿಳಿಯುತ್ತೆ, ಉಳಿದ ಸಕ್ಕರೆಗಳದ್ದು ಕರಗಿಕೊಂಡೇ ಇರುತ್ತೆ. ಮಳೆ ಬಂದು ತೊಳೆದ್ರೆ ಹರಳು ಉಳೀತು, ಕೊಳೆ ಹೋಯ್ತು. ಹರಳು ಕಟ್ಟೋದಕ್ಕೆ ಯಾರ ಕೈಯೂ ಬೇಕಾಗಿಲ್ಲ.

ಕಗ್ಗಲ್ಲು
ಸಯನೈಡ್ ಕೂಡಿಡೋದಕ್ಕೂ ದಾರಿ ಇದೆ. ನೀರಲ್ಲಿ ಕಬ್ಬಿಣ ಇದ್ರೆ ಅದು ಫೆರೋಸಯನೈಡ್ ಲವಣ ಆಗಿ ತಳದಲ್ಲಿ ಕೂರುತ್ತೆ, ಆಮೇಲೆ ಬಿಸಿ ತಾಗಿದಾಗ ಬೇರೆ ಬೇರೆ ರೂಪದಲ್ಲಿ ಬಿಡುಗಡೆ ಆಗುತ್ತೆ. ಫಾಸ್ಫೇಟ್ ಎಲ್ಲಿಂದ ಬರುತ್ತೆ ಅಂತ ಯಾರೂ ಹೇಳಲಿಲ್ಲ. ಸಾಮಾನ್ಯ ನೀರಲ್ಲಿ ಕ್ಯಾಲ್ಸಿಯಂ ಅದನ್ನ ಹಿಡಿದು ಅಪಟೈಟ್ ಕಲ್ಲು ಮಾಡಿಬಿಡುತ್ತೆ, ಕೈಗೆ ಸಿಗಲ್ಲ. ಸೋಡಾ ಸರೋವರಗಳಲ್ಲಿ ಕಾರ್ಬೋನೇಟೇ ಕ್ಯಾಲ್ಸಿಯಂನ ಎಳ್ಕೊಂಡು ಹೋಗುತ್ತೆ, ಫಾಸ್ಫೇಟ್ ನೀರಲ್ಲೇ ಉಳಿದು ದಟ್ಟ ಆಗುತ್ತೆ. ಕೆನಡಾದ ಲಾಸ್ಟ್ ಚಾನ್ಸ್ ಸರೋವರದಲ್ಲಿ ಈಗಲೂ ಹಾಗಿದೆ. ಉಲ್ಕಾಶಿಲೆಗಳಲ್ಲಿ ಶ್ರೈಬರ್ಸೈಟ್ ಅನ್ನೋ ಖನಿಜ ಇರುತ್ತೆ, ಅದು ನೀರಿಗೆ ಬಿದ್ರೆ ಚುರುಕಾದ ರಂಜಕ ಬಿಡುತ್ತೆ. ಸಮುದ್ರ ಬಿಟ್ಟು ನೆಲದ ಮೇಲಿನ ಸಣ್ಣ ಸಣ್ಣ ಜಾಗಗಳನ್ನ ನೋಡಬೇಕು ಅನ್ನೋದು ನನ್ನ ಪಕ್ಷ.

ಸಣ್ಣಕೋಶ
440 ಕೋಟಿ ವರ್ಷದ ಹಿಂದೆ ಒಣ ನೆಲ ಎಷ್ಟಿತ್ತು ಕಗ್ಗಲ್ಲು? ಬಹುಪಾಲು ನೀರೇ ಇತ್ತು ಅಂತ ನಿಮ್ಮವರೇ ಹೇಳ್ತಾರಲ್ಲ.

ಕಗ್ಗಲ್ಲು
ಖಂಡಗಳು ಇಲ್ಲದೇ ಇರಬಹುದು, ಜ್ವಾಲಾಮುಖಿ ದ್ವೀಪ ಇರಲ್ಲ ಅಂತೀರಾ? ಒಂದೆರಡು ದ್ವೀಪ ಸಾಕು ರೀ.

ಮಿಂಚು
ನೆಲ ಆದ್ರೂ ಸರಿ, ಸಮುದ್ರ ಆದ್ರೂ ಸರಿ, ಅಮೈನೋ ಆಮ್ಲ ಒಂದಕ್ಕೊಂದು ಜೋಡಿಸಿಕೊಳ್ಳೋಕೆ ನೀರು ಅಡ್ಡ ಬರುತ್ತೆ ಅಂತ ಎಲ್ಲೋ ಓದಿದ್ದೆ. ನಿಜಾನಾ?

ಬೀಕರ್
ನಿಜ. ಎರಡು ಅಮೈನೋ ಆಮ್ಲ ಸೇರುವಾಗ ಒಂದು ನೀರಿನ ಅಣು ಹೊರಗೆ ಬರಬೇಕು. ಸುತ್ತ ನೀರೇ ತುಂಬಿದ್ರೆ ಕ್ರಿಯೆ ಹಿಂದಕ್ಕೆ ಓಡುತ್ತೆ. ಅದಕ್ಕೇ ನಾನು, ಕಗ್ಗಲ್ಲು ಇಬ್ಬರೂ ಒಣಗಿ ಒದ್ದೆಯಾಗೋ ಕೊಳದ ಕಡೆ ವಾಲೋದು. ಬರೀ ಅಮೈನೋ ಆಮ್ಲ ಒಣಗಿಸಿದ್ರೆ ಶಾಖ ತುಂಬಾ ಬೇಕು, ಜೊತೆಗೆ ಹೈಡ್ರಾಕ್ಸಿ ಆಮ್ಲ, ಅಂದ್ರೆ ಲ್ಯಾಕ್ಟಿಕ್ ಆಮ್ಲದ ಥರದ್ದು ಇದ್ರೆ 85 ಡಿಗ್ರಿಯಲ್ಲೇ ಆಗುತ್ತೆ ಅಂತ 2015ರಲ್ಲಿ ತೋರಿಸಿದ್ರು. ಮೊದಲು ಎಸ್ಟರ್ ಬಂಧ ಬೀಳುತ್ತೆ, ಅದರ ಜಾಗಕ್ಕೆ ಅಮೈನೋ ಆಮ್ಲ ಬಂದು ಕೂರುತ್ತೆ. ಮಿಲ್ಲರ್ ಬುರುಡೆಯಲ್ಲಿ ಹೈಡ್ರಾಕ್ಸಿ ಆಮ್ಲಗಳೂ ಇದ್ವು, ಯಾರೂ ಅಷ್ಟು ಗಮನ ಕೊಟ್ಟಿರಲಿಲ್ಲ.

ಸಣ್ಣಕೋಶ
ನೀರಲ್ಲಿ ಆಗೋದೇ ಇಲ್ಲ ಅನ್ನಬೇಡಿ ಸರ್. 2019ರಲ್ಲಿ ಲಂಡನ್ನಿನ ಮ್ಯಾಥ್ಯೂ ಪೌನರ್ ತಂಡ ಅಮೈನೋ ನೈಟ್ರೈಲ್‌ಗಳನ್ನ ನೀರಿನಲ್ಲೇ ಪೆಪ್ಟೈಡ್, ಅಂದ್ರೆ ಅಮೈನೋ ಆಮ್ಲದ ಸಣ್ಣ ಸರ, ಆಗಿ ಜೋಡಿಸಿ ತೋರಿಸಿದ್ರು. ನೀವು ಮೇಲೆ ಸ್ಟ್ರೆಕರ್ ಕ್ರಿಯೆ ಬಗ್ಗೆ ಬರೆದ್ರಲ್ಲ, ಅದರ ನಡುವಿನ ಹಂತದ ಅಣು ಅದೇ. ಅಮೈನೋ ಆಮ್ಲ ಆಗಿ ಶಕ್ತಿ ಕಳ್ಕೊಳ್ಳೋಕೆ ಮುಂಚೆನೇ ಜೋಡಿಸಿಬಿಟ್ರೆ ನೀರಿನ ತೊಂದರೆನೇ ಇಲ್ಲ. 2025ರಲ್ಲಿ ಅದೇ ತಂಡ ಇನ್ನೂ ಒಂದು ಹೆಜ್ಜೆ ಹೋಗಿ, ಗಂಧಕದ ಥಯೋಎಸ್ಟರ್ ಬಳಸಿ ಅಮೈನೋ ಆಮ್ಲವನ್ನ ಆರ್‌ಎನ್‌ಎ ತುದಿಗೆ ಅಂಟಿಸಿದ್ರು, ನೀರಲ್ಲಿ, ತಟಸ್ಥ ಪಿಎಚ್‌ನಲ್ಲಿ, ಕಿಣ್ವ ಇಲ್ಲದೆ.

ಬೀಕರ್
ಹೌದು, ಆ ಕೆಲಸ ತುಂಬಾ ದೊಡ್ಡದು. ಅದೂ ನೈಟ್ರೈಲ್ ರಸಾಯನ, ಅಂದ್ರೆ ಸಯನೈಡ್ ಕುಟುಂಬ, ಅದನ್ನೂ ಬರ್ಕೊಳ್ಳಿ.

ಬೆಳದಿಂಗಳು
ಆರ್‌ಎನ್‌ಎಗೆ ಅಮೈನೋ ಆಮ್ಲ ಅಂಟಿಸೋದು ಯಾಕೆ ಅಷ್ಟು ದೊಡ್ಡದು?

ಸಣ್ಣಕೋಶ
ಇವತ್ತೂ ನಮ್ಮ ಕೋಶದಲ್ಲಿ ಪ್ರೋಟೀನ್ ತಯಾರಾಗೋದು ಹಾಗೇ ಅಕ್ಕ. ಟಿ-ಆರ್‌ಎನ್‌ಎ ತುದಿಗೆ ಅಮೈನೋ ಆಮ್ಲ ಅಂಟಿರುತ್ತೆ, ಕೋಶದ ಪ್ರೋಟೀನ್ ಕಾರ್ಖಾನೆಯಾದ ರೈಬೋಸೋಮ್ ಅದನ್ನ ಸರಕ್ಕೆ ಸೇರಿಸುತ್ತೆ. ರೈಬೋಸೋಮ್‌ನ ಒಳಗೆ ಬಂಧ ಹಾಕೋ ಜಾಗದಲ್ಲಿ ಇರೋದು ಪ್ರೋಟೀನ್ ಅಲ್ಲ, ಆರ್‌ಎನ್‌ಎ. ರಾಮಕೃಷ್ಣನ್, ಸ್ಟೈಟ್ಸ್, ಯೋನಾತ್ ಅವರಿಗೆ 2009ರ ನೊಬೆಲ್ ಬಂದಿದ್ದು ರೈಬೋಸೋಮ್ ರಚನೆಗೇ. ಆರ್‌ಎನ್‌ಎ ಕಿಣ್ವದ ಕೆಲಸ ಮಾಡುತ್ತೆ ಅಂತ ಮೊದಲು ತೋರಿಸಿದ ಚೆಕ್, ಆಲ್ಟ್‌ಮನ್ ಅವರಿಗೆ 1989ರಲ್ಲೇ ನೊಬೆಲ್ ಬಂದಿತ್ತು. ಈಗ ಅಂಟಿಸೋ ಕೆಲಸಕ್ಕೆ ಪ್ರೋಟೀನ್ ಕಿಣ್ವಗಳಿವೆ, ಪ್ರೋಟೀನೇ ಇಲ್ಲದ ಕಾಲದಲ್ಲಿ ಯಾರು ಅಂಟಿಸಿದ್ರು ಅನ್ನೋದು ಗಂಟಾಗಿ ಉಳಿದಿತ್ತು. ಕಿಣ್ವ ಇಲ್ಲದೆಯೂ ಅಂಟುತ್ತೆ ಅಂತ ಈಗ ಗೊತ್ತಾಯ್ತು.

ಓದುಗ07
ಕೊಬ್ಬಿನ ಪೊರೆ ಬಗ್ಗೆ ಯಾರೂ ಹೇಳ್ಲೇ ಇಲ್ಲ?

ಕಗ್ಗಲ್ಲು
ಅದು ಇದ್ದದ್ರಲ್ಲಿ ಸುಲಭ. ಕೊಬ್ಬಿನ ಆಮ್ಲ ನೀರಿಗೆ ಬಿದ್ರೆ ತಾನಾಗೇ ಗುಳ್ಳೆ ಕಟ್ಟುತ್ತೆ. ಡೇವಿಡ್ ಡೀಮರ್ ಮರ್ಚಿಸನ್ ಕಲ್ಲಿಂದ ತೆಗೆದ ಸಾರದಲ್ಲೇ ಗುಳ್ಳೆ ಕಟ್ಟಿಸಿ ತೋರಿಸಿದ್ದ. 2003ರಲ್ಲಿ ಶೋಸ್ಟಾಕ್ ತಂಡ ಮಾಂಟ್‌ಮೊರಿಲೊನೈಟ್ ಜೇಡಿ ಹಾಕಿದ್ರೆ ಗುಳ್ಳೆ ಬೇಗ ಆಗುತ್ತೆ, ಜೇಡಿಗೆ ಅಂಟಿದ ಆರ್‌ಎನ್‌ಎ ಕೂಡ ಒಳಗೆ ಸೇರುತ್ತೆ ಅಂತ ಕಂಡ್ರು. ಆದ್ರೆ ಸಮುದ್ರದ ಉಪ್ಪು, ಕ್ಯಾಲ್ಸಿಯಂ ಇದ್ರೆ ಈ ಗುಳ್ಳೆಗಳು ಒಡೆದು ಮುದ್ದೆಯಾಗ್ತವೆ. ಇದೂ ಸಿಹಿನೀರಿನ ಕೊಳದ ಪರವಾಗಿಯೇ ಇದೆ.

ಸಂಶಯಿ
ಇನ್ನೊಂದು ಕೇಳ್ತೀನಿ. ಅಮೈನೋ ಆಮ್ಲಕ್ಕೆ ನಮ್ಮ ಎರಡು ಕೈಗಳ ಹಾಗೆ ಒಂದಕ್ಕೊಂದು ಕನ್ನಡಿ ಬಿಂಬವಾದ ಎಡ, ಬಲ ಎರಡು ರೂಪ ಇದೆಯಲ್ಲ. ಜೀವ ಎಡದ್ದು ಮಾತ್ರ ಬಳಸುತ್ತೆ, ಸಕ್ಕರೆಯಲ್ಲಿ ಬಲದ್ದು. ಕಿಡಿ ಪ್ರಯೋಗದಲ್ಲಿ ಎರಡೂ ಸಮ ಬರುತ್ತೆ. ಯಾರು ಆರಿಸಿದ್ರು?

ಧೂಮಕೇತು
ಉಲ್ಕೆಗಳು! ಮರ್ಚಿಸನ್ ಕಲ್ಲಲ್ಲಿ ಐಸೋವ್ಯಾಲೀನ್ ಅನ್ನೋ ಅಮೈನೋ ಆಮ್ಲದ ಎಡ ರೂಪ ಸ್ವಲ್ಪ ಜಾಸ್ತಿ ಇದೆ ಅಂತ 1997ರಲ್ಲೇ ಕ್ರೋನಿನ್, ಪಿಜ್ಜರೆಲ್ಲೋ ತೋರಿಸಿದ್ರು. ಅದು ಜೀವಿಗಳಲ್ಲಿ ಅಪರೂಪ, ಹಾಗಾಗಿ ನೆಲದಿಂದ ಹತ್ತಿದ್ದು ಅನ್ನೋಕೂ ಆಗಲ್ಲ.

ಬೀಕರ್
ಆದ್ರೆ ಬೆನ್ನು ಮಣ್ಣಲ್ಲಿ ಎಡ ಬಲ ಹೆಚ್ಚುಕಮ್ಮಿ ಸಮ ಇದೆ ಧೂಮಕೇತು, ಅದೇ 2025ರ ಫಲಿತಾಂಶದಲ್ಲಿ. ಆಕಾಶದಿಂದಲೇ ಎಡ ರೂಪ ಬಂತು ಅನ್ನೋ ವಾದಕ್ಕೆ ಅದು ಒಳ್ಳೆ ಪೆಟ್ಟು ಕೊಟ್ಟಿದೆ.

ಸಂಶಯಿ
ಹಾಗಾದ್ರೆ?

ಬೀಕರ್
2023ರಲ್ಲಿ ಹಾರ್ವರ್ಡ್‌ನ ಓಜ್‌ಟುರ್ಕ್, ಸಾಸೆಲೋವ್ ಅವರು ಮತ್ತೆ ಸದರ್‌ಲ್ಯಾಂಡ್ ಸೇರಿ ಮಾಡಿದ್ದು ನಂಗೆ ಸದ್ಯಕ್ಕೆ ಎಲ್ಲಕ್ಕಿಂತ ಹಿಡಿಸಿದ್ದು. ಮ್ಯಾಗ್ನೆಟೈಟ್ ಅಂದ್ರೆ ಕಾಂತಗುಣ ಇರೋ ಕಬ್ಬಿಣದ ಅದಿರು, ಅದರ ಮೇಲ್ಮೈಗೆ ಎಡ ಬಲ ಸಮ ಇರೋ ದ್ರಾವಣ ಹಾಕಿದ್ರು, ಮೇಲೆ ಹರಳು ಕಟ್ಟುತ್ತೆ ಅಂದ್ನಲ್ಲ, ಅದೇ ರೈಬೋಸ್ ಅಮೈನೋಆಕ್ಸಜೋಲೀನ್. ಕಾಂತೀಯ ಮೇಲ್ಮೈಯಲ್ಲಿ ಎಲೆಕ್ಟ್ರಾನ್‌ಗಳ ಸ್ಪಿನ್ (ಅವುಗಳ ಸಣ್ಣ ಕಾಂತಗುಣ) ಒಂದೇ ದಿಕ್ಕಿಗಿರುತ್ತೆ, ಅದು ಒಂದು ಕೈಯ ಅಣುವನ್ನ ಹೆಚ್ಚು ಹಿಡ್ಕೊಳ್ಳುತ್ತೆ. ಮೊದಲ ಸಲ ಹರಳಲ್ಲಿ ಒಂದು ಕೈಯದ್ದು ಜಾಸ್ತಿ, ಆ ಹರಳನ್ನ ಕರಗಿಸಿ ಮತ್ತೆ ಹರಳು ಕಟ್ಟಿಸಿದ್ರೆ ಪೂರ್ತಿ ಒಂದೇ ಕೈಯದ್ದು. ಕಾಂತದ ದಿಕ್ಕು ತಿರುಗಿಸಿದ್ರೆ ಇನ್ನೊಂದು ಕೈ.

ಸಂಶಯಿ
ಕಾಂತದ ದಿಕ್ಕು ತಿರುಗಿಸಿದ್ರೆ ಇನ್ನೊಂದು ಕೈ ಅಂದ್ರೆ ಬೇರೆ ಬೇರೆ ಕೊಳದಲ್ಲಿ ಬೇರೆ ಬೇರೆ ಕೈ ಬರಬೇಕಲ್ಲ? ಭೂಮಿ ತುಂಬಾ ಒಂದೇ ಯಾಕೆ?

ಕಗ್ಗಲ್ಲು
ತಳದಲ್ಲಿ ಕೂರೋ ಮ್ಯಾಗ್ನೆಟೈಟ್ ಆಗಿನ ಭೂಮಿಯ ಕಾಂತಕ್ಷೇತ್ರದ ದಿಕ್ಕನ್ನೇ ಹಿಡಿಯುತ್ತೆ, ಹಾಗಾಗಿ ಒಂದು ಗೋಳಾರ್ಧದಲ್ಲಿ ಬಹುಪಾಲು ಕೊಳಕ್ಕೆ ಒಂದೇ ಪಕ್ಷಪಾತ. ಇನ್ನೊಂದು ಗೋಳಾರ್ಧದಲ್ಲಿ ಉಲ್ಟಾ. ಆದ್ರೆ ಜೀವ ಎಲ್ಲ ಕೊಳದಲ್ಲೂ ಹುಟ್ಟಬೇಕಾಗಿಲ್ಲ, ಒಂದು ಕಡೆ ಹುಟ್ಟಿ ಹರಡಿದ್ರೆ ಆಯ್ತು. ಈಗಿರೋ ಎಲ್ಲ ಜೀವಿಗೂ ಒಂದೇ ಪೂರ್ವಜ ಅನ್ನೋದು ಗೊತ್ತಿರೋದೇ.

ಸಂಶಯಿ
ಇದನ್ನ ಕೂತು ಓದ್ತೀನಿ. ಮ್ಯಾಗ್ನೆಟೈಟ್ ಪೇಪರ್‌ನಲ್ಲಿ ದ್ರಾವಣ ಎಷ್ಟು ಶುದ್ಧ ಇತ್ತು ಅನ್ನೋದನ್ನ ಮೊದಲು ನೋಡ್ತೀನಿ.

ಬೀಕರ್
ನೋಡಿ, ಶುದ್ಧವಾಗೇ ಇತ್ತು. ಕೊಳೆ ಬೆರೆಸಿದ ದ್ರಾವಣದಲ್ಲೂ ಅದೇ ಹರಳು ಕಟ್ಟುತ್ತಾ ಅನ್ನೋದೇ ಮುಂದೆ ಮಾಡಬೇಕಾದ ಪ್ರಯೋಗ.